ಅಘನಾಶಿನಿಯ ಬೆಳಚು: ಮಾರಾಟಕ್ಕೆ ತೆಗೆಯುವುದನ್ನು ಮೂರು ವರ್ಷ ನಿಲ್ಲಿಸಬೇಕೆ?

ಸಾಗರದ ಒಂದೇ ಮನೆಯಲ್ಲಿ, ಒಂದೇ ಪಾತ್ರೆಯ ಬೆಳಚಿನ (ಅಘನಾಶಿನಿ ನದಿ ಕಡಲು ಸೇರುವಲ್ಲಿ ಸಿಗುವ ಚಿಪ್ಪಿಯ) ಸುಕ್ಕ ಉಣ್ಣುವ ಇಬ್ಬರು ಬರೆದದ್ದು. ಮೈದುನ ಪರವಾಗಿ, ಕುಮಟಾ ಕಡೆಯಿಂದ ಘಟ್ಟ ಹತ್ತಿ ಬಂದ ಅತ್ತಿಗೆ ವಿರೋಧವಾಗಿ.

ಪರ: ಬಿತ್ತನೆ ಭತ್ತವನ್ನು ಉಣ್ಣಬಾರದು

ಕಳೆದ ಮಾರ್ಚ್‌ನ ಒಂದು ಭಾನುವಾರ. ಅತ್ತಿಗೆ ಹಿತ್ತಿಲ ಕಟ್ಟೆಯ ಮೇಲೆ ಮೆಟ್ಟುಗತ್ತಿ ಹಾಕಿಕೊಂಡು ಕೂತಿದ್ದರು. ಪಕ್ಕದ ಬೋಗುಣಿಯಲ್ಲಿ ರಾತ್ರಿಯಿಡೀ ಉಪ್ಪುನೀರಲ್ಲಿ ನೆನೆದು ಹೊಯಿಗೆ (ಮರಳು) ಬಿಟ್ಟ ಬೆಳಚು. ಒಂದೊಂದನ್ನೇ ಕತ್ತಿಗೆ ಒತ್ತಿ ಎರಡು ಹೋಳು ಮಾಡಿ, ಮಾಂಸ ಕಚ್ಚಿಕೊಂಡದ್ದನ್ನು ಪಾತ್ರೆಗೆ, ಬರಿ ಚಿಪ್ಪನ್ನು ಬುಟ್ಟಿಗೆ ಹಾಕುವುದು ಅವರ ಕ್ರಮ. ಆ ದಿನ ಬೆರಳಿಗೆ ಸಿಗದೆ ಜಾರಿ ಹೋಗುವವೇ ಹೆಚ್ಚು. ಒಂದನ್ನು ನನ್ನ ಹೆಬ್ಬೆರಳ ಪಕ್ಕ ಇಟ್ಟು ನೋಡಿದೆ. ಉಗುರಿಗಿಂತ ತುಸುವೇ ದೊಡ್ಡದು.

“ಇದೇನು ಅತ್ತಿಗೆ, ಇಷ್ಟು ಸಣ್ಣವು?”

“ದೊಡ್ಡದು ಈಗ ಎಲ್ಲಿ ಬರ್ತದೆ ಮಾರಾಯ!”

ಅಘನಾಶಿನಿಯ ದಡದಲ್ಲೇ ಹುಟ್ಟಿ ಬೆಳೆದವರು ಹಾಗೆ ಅಂದದ್ದು ನನ್ನ ತಲೆಯಿಂದ ಹೋಗಲಿಲ್ಲ.

ಬೆಳಚು ಅಂದರೆ ಘಟ್ಟದ ಮೇಲಿನ ಅನೇಕರಿಗೆ ಗೊತ್ತಾಗಲಿಕ್ಕಿಲ್ಲ. ಚಿಪ್ಪಿಕಲ್ಲು ಅಂದರೆ ಗೊತ್ತಾದೀತು, ಮಂಗಳೂರು ಕಡೆಯವರ ಮರುವಾಯಿ. ಅಘನಾಶಿನಿ ಶಿರಸಿಯ ಹತ್ತಿರ ಹುಟ್ಟಿ, ಒಂದು ಅಣೆಕಟ್ಟೆಗೂ ಸಿಕ್ಕದೆ ಘಟ್ಟ ಇಳಿದು, ಕುಮಟಾ ತಾಲ್ಲೂಕಿನ ತದಡಿಯ ಬಳಿ ಕಡಲು ಸೇರುತ್ತದೆ. ಸಿಹಿನೀರು ಉಪ್ಪುನೀರು ಕಲೆಯುವ ಆ ಅಳಿವೆಯ ಹೊಯಿಗೆಯಲ್ಲಿ, ಕೆಸರಲ್ಲಿ ಇವು ಹುದುಗಿಕೊಂಡು ಬೆಳೆಯುತ್ತವೆ. ಇಳಿತದ ಹೊತ್ತಿಗೆ ಊರ ಹೆಂಗಸರು ಕೈಯಲ್ಲಿ ಬಾಚಿ ತಂದದ್ದು ಒಂದು ಕಾಲದಲ್ಲಿ ಮನೆಗೆ, ಹೆಚ್ಚಾದರೆ ಹತ್ತಿರದ ಸಂತೆಗೆ. ಈಗ ದೋಣಿಯಲ್ಲಿ ಹೋಗಿ ಮುಳುಗಿ ತೆಗೆಯುತ್ತಾರೆ. ಚೀಲಗಟ್ಟಲೆ ಗೋವಾಕ್ಕೆ ಹೋಗುತ್ತದೆ, ಗೇರುಸೊಪ್ಪೆ ಘಾಟಿ ಹತ್ತಿ ನಮ್ಮ ಮಾರುಕಟ್ಟೆಗೂ ಬರುತ್ತದೆ. ತಿನ್ನುವವರಲ್ಲಿ ನಾನೂ ಒಬ್ಬ. ಅದಕ್ಕೇ ಬರೆಯುತ್ತಿದ್ದೇನೆ.

ಮೀನಾದರೆ ಬಲೆ ಕಂಡು ಓಡೀತು. ಬೆಳಚು ಎಲ್ಲಿಗೆ ಓಡಬೇಕು? ಗಂಡು ಹೆಣ್ಣು ಎರಡೂ ಬೀಜವನ್ನು ನೀರಿಗೇ ಬಿಡುತ್ತವೆ, ಅದು ಅಲ್ಲೇ ಕೂಡಬೇಕು. ಹುಟ್ಟಿದ ಮರಿ ಕೆಲವು ದಿನ ತೇಲಾಡಿ, ಆಮೇಲೆ ತಳಕ್ಕಿಳಿದು ಹೊಯಿಗೆ ಹಿಡಿಯುತ್ತದೆ. ದೊಡ್ಡವು ಒತ್ತೊತ್ತಾಗಿ ಇದ್ದಷ್ಟೂ ಇದೆಲ್ಲ ಸಲೀಸು. ಅಲ್ಲೊಂದು ಇಲ್ಲೊಂದು ಉಳಿದರೆ ಬೀಜ ನೀರುಪಾಲು. ‘ಇನ್ನೂ ಸ್ವಲ್ಪ ಇದೆಯಲ್ಲ’ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಒಂದು ಸಲವೂ ಬೀಜ ಬಿಡದ ಉಗುರಿನಷ್ಟರವನ್ನು ಚೀಲಕ್ಕೆ ತುಂಬುವುದೆಂದರೆ ಬಿತ್ತನೆ ಭತ್ತವನ್ನು ಕುಟ್ಟಿ ಉಂಡ ಹಾಗೆ. ಇವು ನೀರನ್ನು ಒಳಗೆಳೆದು ಕಣ ಸೋಸಿ ತಿನ್ನುವ ಜೀವಿಗಳು. ಇವು ಹೋದರೆ ನೀರು ಕೆಡುತ್ತದೆ, ಇವನ್ನು ನಂಬಿದ ಹಕ್ಕಿ, ಏಡಿಗಳಿಗೂ ಕೂಳಿಲ್ಲ. 4,801 ಹೆಕ್ಟೇರಿನ ಈ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲೆಗಳ ಪಟ್ಟಿಗೆ, ಸೇರಿಸಿದ್ದಾರೆ. ಪಟ್ಟಿಗೆ ಸೇರಿಸಿ ತಳ ಬರಿದು ಮಾಡಿದರೆ ಏನು ಬಂತು?

ಮಲೆನಾಡಿನವರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ತೀರ್ಥಹಳ್ಳಿ ಕಡೆಯ ಚಿಪ್ಪಲಗುಡ್ಡೆಯಲ್ಲಿ, ಶೃಂಗೇರಿಯ ಮಠದ ಮೆಟ್ಟಿಲ ಬುಡದಲ್ಲಿ ತುಂಗೆಯ ಮೀನನ್ನು ಯಾರೂ ಮುಟ್ಟುವುದಿಲ್ಲ. ಆ ಮಡುಗಳಲ್ಲಿ ಮೊಳದುದ್ದದ ಮೀನು ಈಗಲೂ ಕಾಣುತ್ತದೆ. ಮುಂಗಾರಿನ ಮೊದಲ ನೀರಿಗೆ ಹತ್ತುಮೀನು ಗದ್ದೆಗೆ ಹತ್ತುವಾಗ ಹೊಟ್ಟೆ ತುಂಬ ಮೊಟ್ಟೆ ಇರುತ್ತದೆ. ಅಪ್ಪಯ್ಯ ಕೂಣಿ (ಮೀನು ಸಿಕ್ಕಿಬೀಳುವ ಬೋನು) ಇಡುತ್ತಿದ್ದರು, ಆದರೆ ಕಾಲುವೆಯ ಒಂದು ಬದಿ ಬಿಟ್ಟು. “ಅವೂ ಹತ್ತಬೇಕಲ್ಲ” ಅನ್ನುತ್ತಿದ್ದರು. ಆಮೇಲೆ ಬಂದವರು ಕಾಲುವೆಗೆ ಪೂರ್ತಿ ಬಲೆ ಕಟ್ಟಿದರು, ಕರೆಂಟು ಬಿಟ್ಟರು. ನಾನು ಗಾಳ ಹಾಕಿದ ಹಳ್ಳದಲ್ಲಿ ಈಗ ಕಪ್ಪೆ ಮರಿ ಬಿಟ್ಟರೆ ಏನೂ ಇಲ್ಲ.

ಮನೆ ಬಳಕೆಗೆ ಬಾಚಿಕೊಳ್ಳುವವರನ್ನು ತಡೆಯುವುದು ಬೇಡ. ಮಾರಾಟಕ್ಕೆ, ದೋಣಿ ಹಾಕಿ ತೆಗೆಯುವುದನ್ನು ಮೂರು ವರ್ಷ ನಿಲ್ಲಿಸಲಿ. ಆ ಮೂರು ವರ್ಷ ತೆಗೆಯುವವರಿಗೆ ಸರ್ಕಾರ ಕೂಲಿ ಕೊಡಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಕರಾವಳಿ ಅದಕ್ಕೆ ಹೊಂದಿಕೊಂಡಿದೆ. ಇದಕ್ಕೂ ಹೊಂದಿಕೊಂಡೀತು. ತದಡಿಯ ಬೆಳಚು ಸಿಗದ ಮೂರು ವರ್ಷ ನಾನು ಕಳಲೆ ತಿಂದುಕೊಂಡು ಇರುತ್ತೇನೆ.

ವಿರೋಧ: ಮೊದಲು ಅವ್ವನನ್ನು ಕೇಳಿ

ಮೈದುನ ಬರೆದದ್ದನ್ನು ಓದಿದೆ. ಬೆಳಚು ಸಣ್ಣದಾಗಿದೆ ಎಂಬುದರಲ್ಲಿ ತಕರಾರಿಲ್ಲ, ಆ ಮಾತು ಹೇಳಿದವಳೇ ನಾನು. ಆದರೆ ನನ್ನ ಮಾತನ್ನು ಹಿಡಿದುಕೊಂಡು ಅವನು ಮುಟ್ಟಿದ ತೀರ್ಮಾನ ನನಗೆ ಒಪ್ಪಿಗೆಯಿಲ್ಲ.

ನನ್ನ ಅವ್ವನಿಗೆ ಗಡಿಯಾರಕ್ಕಿಂತ ತಿಥಿ ಮುಖ್ಯ. ಅಮಾಸೆ, ಹುಣ್ಣಿಮೆಯ ಆಚೀಚೆ ನೀರು ಚೆನ್ನಾಗಿ ಇಳಿಯುತ್ತದೆ, ಅಷ್ಟಮಿಯ ಹೊತ್ತಿಗೆ ಇಳಿದೂ ಇಳಿಯದ ಹಾಗೆ. ಇಳಿತ ಬೆಳಗಿನ ಜಾವ ನಾಲ್ಕಕ್ಕಿದ್ದರೆ ನಾಲ್ಕಕ್ಕೇ ಹೊರಡಬೇಕು. ಸೀರೆ ಎತ್ತಿಕಟ್ಟಿ, ಸೊಂಟಕ್ಕೊಂದು ಹಗ್ಗ, ಹಗ್ಗದ ತುದಿಗೆ ತೇಲುವ ಬೋಗುಣಿ. ಕಲಕಿದ ನೀರಲ್ಲಿ ಕಣ್ಣಿಗೇನೂ ಕಾಣುವುದಿಲ್ಲ. ಪಾದದಲ್ಲೇ ತಡವಿ, ಗಟ್ಟಿ ತಾಗಿದಲ್ಲಿ ಬಗ್ಗಿ ಕೈ ಹಾಕುತ್ತಾಳೆ. ಕಾಲಿಗೆ ಗಟ್ಟಿ ತಾಗಿದ್ದು ಬೆಳಚೋ, ಬರಿ ಚಿಪ್ಪೋ ಎಂಬುದು ಬಗ್ಗುವ ಮೊದಲೇ ಅವಳಿಗೆ ಗೊತ್ತು. ಅವಳ ಅಂಗಾಲಿನ ಗೆರೆಗಳಲ್ಲಿ ಹುಟ್ಟಿನಿಂದ ಬಂದದ್ದು ಯಾವುದು, ಕಲ್ಲಿಗೆ ಅಂಟಿ ಬೆಳೆಯುವ ಕಲ್ವದ ಚಿಪ್ಪು ಕೊಯ್ದದ್ದು ಯಾವುದು ಅಂತ ನನಗೆ ಇವತ್ತಿಗೂ ತಿಳಿಯುವುದಿಲ್ಲ. ನನ್ನ ಮದುವೆಯ ಎರಡು ಬಳೆ ಆ ಬೋಗುಣಿಯಿಂದ ಬಂದದ್ದು.

ಈ ಅಳಿವೆಯ ಚಿಪ್ಪಿಕಲ್ಲನ್ನು ನಂಬಿದವರು ಎರಡು ಸಾವಿರಕ್ಕೂ ಹೆಚ್ಚು ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಲೆಕ್ಕ ಹಾಕಿದ್ದರು. ಮೈದುನ ಹೇಳುವ ಕೂಲಿ ಯಾರಿಗೆ ಸಿಗುತ್ತದೆ? ದೋಣಿ ಇದ್ದವನಿಗೆ ಕಾಗದ ಇರುತ್ತದೆ. ಕಾಲಲ್ಲಿ ನಡೆದು ಹೋಗುವ ಅವ್ವನಿಗೆ ಏನಿದೆ? ಒಮ್ಮೆ ಪರಿಹಾರದ ಅರ್ಜಿ ಹಿಡಿದು ಹೋದಾಗ “ನೀವು ಮೀನುಗಾರರು ಅನ್ನೋದಕ್ಕೆ ದಾಖಲೆ ಕೊಡಿ” ಅಂದರು. ಅವ್ವ ಅಂಗೈ ತೋರಿಸಿದಳು. ಅದು ನಡೆಯಲಿಲ್ಲ. ನಿಷೇಧ ಬಂದರೆ ಹಗಲು ದಡದಲ್ಲಿ ಕಾಣುವವಳು ಅವಳು, ಸಿಕ್ಕಿಬೀಳುವವಳೂ ಅವಳೇ. ರಾತ್ರಿ ದೋಣಿ ಹಾಕುವವನನ್ನು ಯಾರು ಹಿಡಿಯುತ್ತಾರೆ? ‘ಮನೆ ಬಳಕೆಗೆ ಇರಲಿ’ ಅನ್ನುತ್ತಾನೆ. ಬೋಗುಣಿಯಲ್ಲಿ ಮನೆಯದೆಷ್ಟು, ಮಾರುವುದೆಷ್ಟು ಅಂತ ಅಳೆಯುವವರು ಯಾರು? ಅಕ್ಕಿ, ಎಣ್ಣೆ, ಮೊಮ್ಮಗನ ಫೀಸು ಮನೆ ಬಳಕೆಯಲ್ಲವೇ?

ಇನ್ನೊಂದು ಮಾತು ಸಾಗರದಲ್ಲಿ ಕೂತವರು ಕೇಳಲೇಬೇಕು. ಅಘನಾಶಿನಿಯ ದಕ್ಷಿಣಕ್ಕೆ, ಹೊನ್ನಾವರದಲ್ಲಿ ಶರಾವತಿಯ ಅಳಿವೆ ಇದೆ. ಅಲ್ಲಿ ಬೆಳಚು ಯಾಕೆ ತೀರ ಕಡಿಮೆ? ಲಿಂಗನಮಕ್ಕಿಯಲ್ಲಿ ತಡೆದ ನೀರು ಕರೆಂಟು ಮಾಡಿ ಮುಗಿಸಿ ಗೇರುಸೊಪ್ಪೆಯಿಂದ ಬೇಸಿಗೆಯಲ್ಲೂ ಹರಿದು ಬರುತ್ತದೆ. ಉಪ್ಪು ಏರಬೇಕಾದ ತಿಂಗಳಲ್ಲಿ ಅಳಿವೆ ಸಪ್ಪೆ. ಉಪ್ಪಿನ ಹದ ತಪ್ಪಿದರೆ ಬೆಳಚು ನಿಲ್ಲುವುದಿಲ್ಲ. ಎರಡೂ ಅಳಿವೆಗಳನ್ನು ಹೋಲಿಸಿ ನೋಡಿದ ವಿಜ್ಞಾನಿಗಳು ಹೇಳಿದ್ದೂ ಇದನ್ನೇ. ಅಲ್ಲಿನ ಬೆಳಚನ್ನು ನನ್ನ ಅವ್ವನಂಥವರು ಬಾಚಿ ಮುಗಿಸಿದ್ದಲ್ಲ. ಅಘನಾಶಿನಿಯ ತಳವನ್ನು ಕೆಡಿಸಿದ್ದರಲ್ಲೂ ಹೊಯಿಗೆ ತೆಗೆಯುವುದಕ್ಕೆ, ಸುಣ್ಣಕ್ಕಾಗಿ ಹಳೆಯ ಚಿಪ್ಪಿನ ಪದರ ಅಗೆಯುವುದಕ್ಕೆ ದೊಡ್ಡ ಪಾಲಿದೆ. ಮರಿ ಕಚ್ಚಿಕೊಳ್ಳುವ ನೆಲವನ್ನೇ ಎತ್ತಿ ಒಯ್ದರೆ ದೊಡ್ಡ ಬೆಳಚು ಎಷ್ಟು ಬಿಟ್ಟರೇನು? ಅದನ್ನು ಹಾಗೇ ಬಿಟ್ಟು ಬೋಗುಣಿಗೆ ಬೀಗ ಹಾಕಬೇಕೇ?

ಈ ಮನೆಯವರೂ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದಾಗ ಮಾವ ಸಣ್ಣ ಹುಡುಗ. ನಾಡಿಗೆ ಬೆಳಕು ಬೇಕು ಅಂದರು, ತೋಟ ಗದ್ದೆ ಬಿಟ್ಟು ಎದ್ದು ಬಂದರು. ಶರಾವತಿ ಸಂತ್ರಸ್ತರಲ್ಲಿ ಎಷ್ಟೋ ಮನೆಯವರ ಹಕ್ಕುಪತ್ರದ ಅಲೆದಾಟ ಇವತ್ತಿಗೂ ಮುಗಿದಿಲ್ಲ. ‘ಸರ್ಕಾರ ಕೂಲಿ ಕೊಡಲಿ’ ಎಂಬ ಸಾಲನ್ನು ಮಾವನ ಮಗನೇ ಬರೆದದ್ದು ನೋಡಿ ನನಗೆ ಸಂಕಟವಾಯಿತು.

ದಾರಿ ಇಲ್ಲವೆಂದಲ್ಲ. ಕೇರಳದ ಅಷ್ಟಮುಡಿ ಕಾಯಲಿನಲ್ಲಿ 1990ರ ದಶಕದ ಮೊದಲಲ್ಲಿ ಇದೇ ಚಿಪ್ಪಿ ಹೀಗೇ ಕುಸಿದಿತ್ತು. ಅಲ್ಲಿ ಬೀಜ ಬಿಡುವ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ತೆಗೆಯುವುದು ಬಂದ್ ಮಾಡಿದರು, ಸಣ್ಣವು ಜಾರಿ ನೀರಿಗೇ ಬೀಳುವಂತೆ ಬಲೆಯ ಕಣ್ಣು ದೊಡ್ಡದು ಮಾಡಿದರು. ಉಳಿದ ತಿಂಗಳು ದುಡಿಮೆ ನಡೆಯಿತು, ಚಿಪ್ಪಿಯೂ ತಿರುಗಿ ಬಂತು. 2014ರಲ್ಲಿ, ಸಂತತಿ ಉಳಿಸಿಕೊಂಡು ಹಿಡಿಯುವವರಿಗೆ ಕೊಡುವ ಎಂಎಸ್‌ಸಿ ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರ ಪಡೆದ ಭಾರತದ ಮೊದಲ ಮೀನುಗಾರಿಕೆ ಅದು. ನಮ್ಮಲ್ಲೂ ಯಾವ ತಿಂಗಳು ಬಿಡಬೇಕು, ಯಾವ ದಿಬ್ಬ ಬಿಡಬೇಕು ಎಂಬುದನ್ನು ಅವ್ವನಂಥವರನ್ನು ಕೂರಿಸಿಕೊಂಡು ಕೇಳಲಿ. ಜರಡಿಯಲ್ಲಿ ಉಳಿದದ್ದು ಮಾತ್ರ ದಡ ಹತ್ತಲಿ. ಮೈದುನನ ಅಪ್ಪ ಕಾಲುವೆಯ ಒಂದು ಬದಿ ಬಿಟ್ಟರು, ಕೂಣಿಯನ್ನು ಮೂರು ವರ್ಷ ಅಟ್ಟಕ್ಕೆ ಎಸೆಯಲಿಲ್ಲ.

ಹೋದ ವಾರ ಮಾರುಕಟ್ಟೆಗೆ ಮತ್ತೆ ಉಗುರಿನಷ್ಟೇ ಬೆಳಚು ಬಂದಿತ್ತು. ನಾನು ಕೊಳ್ಳಲಿಲ್ಲ. ದೊಡ್ಡದು ಆರಿಸಿ ತಂದರೆ ಹೆಚ್ಚು ಕೊಡ್ತೇನೆ ಅಂತ ಮಾರುವವಳಿಗೆ ಅಂದೆ. “ಎಷ್ಟು ಹೆಚ್ಚು ಕೊಡ್ತೀರಿ ಅಕ್ಕಾ?” ಅಂತ ಕೇಳಿದಳು. ಪಾಲಿಗೆ, ಅಂದರೆ ಒಂದು ಗುಡ್ಡೆಗೆ, ಮೂವತ್ತು ರೂಪಾಯಿ ಅಂದೆ. ಹುಣ್ಣಿಮೆ ಕಳೆದು ಬನ್ನಿ, ನೋಡುವ, ಅಂದಳು.