'ಈಗಿನ ಮಕ್ಕಳಿಗೆ ಮೊಬೈಲೇ ಸಲೀಸು' ಅನ್ನುವ ಮೊದಲು

ಮಗಳು ಈ ವರ್ಷ ಹತ್ತನೇ ಕ್ಲಾಸು. ಶಾಲೆ ಶುರುವಾಗಿ ಎಷ್ಟೋ ದಿನವಾದರೂ ವಿಜ್ಞಾನದ ಪುಸ್ತಕ ಕೈಗೆ ಬರಲಿಲ್ಲ. ಪೋಷಕರ ವಾಟ್ಸಾಪ್ ಗ್ರೂಪಿಗೆ ಪಿಡಿಎಫ್ ಬಂತು. 'ಸದ್ಯಕ್ಕೆ ಇದರಲ್ಲೇ ಓದಿಸಿ, ಈಗಿನ ಮಕ್ಕಳಿಗೆ ಮೊಬೈಲೇ ಸಲೀಸು' ಅಂದರು ಶಾಲೆಯವರು. ನಾನೂ ಹೌದೇನೋ ಅಂದುಕೊಂಡೆ.

ಬೆಳಕಿನ ಪಾಠ. ನಿಮ್ನ ದರ್ಪಣದ, ಅಂದರೆ ಒಳಕ್ಕೆ ಬಾಗಿದ ಕನ್ನಡಿಯ ಮುಂದೆ ವಸ್ತುವನ್ನು ಎಲ್ಲಿಟ್ಟರೆ ಪ್ರತಿಬಿಂಬ ಎಲ್ಲಿ ಬೀಳುತ್ತದೆ, ದೊಡ್ಡದೋ ಚಿಕ್ಕದೋ, ನೇರವೋ ತಲೆಕೆಳಗೋ ಅಂತ ಆರು ಸಂದರ್ಭಗಳಿವೆ. ಫೋನಿನಲ್ಲಿ ಚಿತ್ರ ದೊಡ್ಡದು ಮಾಡಿದರೆ ಕೋಷ್ಟಕ ಕಾಣುವುದಿಲ್ಲ. ಕೋಷ್ಟಕಕ್ಕೆ ಬಂದರೆ ಚಿತ್ರ ಮೇಲೆಲ್ಲೋ ಹೋಗಿರುತ್ತದೆ. ಮೂರು ದಿನ ಓದಿ 'ಎಲ್ಲಾ ಅರ್ಥ ಆಯ್ತಮ್ಮ' ಅಂದಳು. ಕೇಳಿ ನೋಡಿದರೆ ಎರಡು ಸಂದರ್ಭ ಬಿಟ್ಟು ಉಳಿದದ್ದೆಲ್ಲ ಕಲಸುಮೇಲೋಗರ.

ಆ ಪಾಠವನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ. ಹಾಳೆಗಳನ್ನು ನೆಲದ ಮೇಲೆ ಹರಡಿಕೊಂಡು, ಚಿತ್ರದ ಮೇಲೆ ಬೆರಳಿಟ್ಟು, ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ ಗೆರೆ ಎಳೆಯುತ್ತಾ ಓದಿದಳು. ವಾರದ ಮೇಲೆ ಕೇಳಿದಾಗ 'ಆ ಹಾಳೆಯ ಕೆಳಗಡೆ ಇತ್ತಲ್ಲ, ಅದು' ಅಂತ ಕಣ್ಣು ಮುಚ್ಚಿ ನೆನಪಿಸಿಕೊಂಡಳು. ಕಾಗದದಲ್ಲಿ ಓದಿದ್ದಕ್ಕೆ ಒಂದು ಜಾಗ ಇರುತ್ತದೆ, ಅಲ್ವಾ?

ನನ್ನ ಮಗಳೊಬ್ಬಳನ್ನೇ ನೋಡಿ ಈ ಮಾತು ಹೇಳುತ್ತಿಲ್ಲ. 2013ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನವೊಂದರಲ್ಲಿ ಹತ್ತನೇ ತರಗತಿಯ 72 ಮಕ್ಕಳಿದ್ದರು. ಕೆಲವರು ಕಾಗದದಲ್ಲಿ ಓದಿದರು, ಉಳಿದವರು ಅದನ್ನೇ ಕಂಪ್ಯೂಟರಿನ ಪಿಡಿಎಫ್‌ನಲ್ಲಿ. ಕಾಗದದಲ್ಲಿ ಓದಿದವರಿಗೇ ಚೆನ್ನಾಗಿ ಅರ್ಥವಾಗಿತ್ತು. 2018ರಲ್ಲಿ ಇಂಥ 54 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. 1.7 ಲಕ್ಷಕ್ಕೂ ಹೆಚ್ಚು ಓದುಗರು. ಕಥೆ ಓದುವಾಗ ವ್ಯತ್ಯಾಸ ಕಾಣಲಿಲ್ಲ. ವಿಷಯ ತಿಳಿಸುವ ಬರಹವಾದರೆ, ಅದರಲ್ಲೂ ಇಷ್ಟೇ ಸಮಯ ಅಂತ ಇದ್ದಾಗ, ಕಾಗದವೇ ಮುಂದು. 2000ದಿಂದ 2017ರವರೆಗೆ ಆ ಅಂತರ ಕಡಿಮೆ ಆಗಲಿಲ್ಲ, ಜಾಸ್ತಿ ಆಯಿತು! ಮೊಬೈಲ್ ಜೊತೆಗೇ ಬೆಳೆದ ಮಕ್ಕಳಿಗೆ ಅದರಲ್ಲಿ ಓದುವುದು ತಾನಾಗಿಯೇ ಬರುತ್ತದೆ ಅನ್ನುವುದು ಸುಮ್ನೆ ನಮ್ಮ ಊಹೆ.

ಫೋನ್ ಬೇಡ ಅನ್ನುತ್ತಿಲ್ಲ. ಒಂದು ಪದದ ಅರ್ಥ ಬೇಕಾದರೆ ನಾನೇ ಮೊದಲು ಫೋನಿನಲ್ಲಿ ಅಲರ್ ಅನ್ನೋ ಆನ್‌ಲೈನ್ ಕನ್ನಡ-ಇಂಗ್ಲಿಷ್ ನಿಘಂಟು ತೆರೆಯುತ್ತೇನೆ. ಹುಡುಕುವ ಕೆಲಸ ಬೇರೆ, ಕೂತು ಕಲಿಯುವ ಕೆಲಸ ಬೇರೆ.

ಮಗಳ ಪಕ್ಕ ಕೂರುವ ಹುಡುಗಿಯ ಮನೆಯಲ್ಲಿ ಒಂದೇ ಫೋನು. ಅದು ಬೆಳಿಗ್ಗೆ ಅಪ್ಪನ ಜೊತೆ ಕೆಲಸಕ್ಕೆ ಹೋದರೆ ಬರುವುದು ರಾತ್ರಿ ಒಂಬತ್ತಕ್ಕೆ. ಅವಳು ಪಿಡಿಎಫ್ ಓದುವುದು ಯಾವಾಗ? ನಾವು ನಾಲ್ಕು ಜನ ಅಮ್ಮಂದಿರು ದುಡ್ಡು ಹಾಕಿ ಇನ್ನಷ್ಟು ಪ್ರತಿ ಮಾಡಿಸಿದ್ದೇವೆ. ಪುಸ್ತಕ ಬರುವವರೆಗೂ ಒಂದೊಂದೇ ಪಾಠ ಹೀಗೆ ಹಂಚುತ್ತೇವೆ.