ಪರ-ವಿರೋಧ: ಹೊಸ ಆಟಗಾರನಿಗೆ ಐದು ಟೆಸ್ಟ್ ಗ್ಯಾರಂಟಿ ಕೊಡಬೇಕೇ?

ಪರ: ಕ್ಯಾಪ್ ಕೊಟ್ಟ ಮೇಲೆ ಆಡೋಕೂ ಬಿಡಿ

ಮುನ್ನೂರ ಮೂರು. ಅದೂ ಔಟಾಗದೆ. 2016ರ ಡಿಸೆಂಬರ್, ಚೆನ್ನೈ, ಎದುರಿಗೆ ಇಂಗ್ಲೆಂಡ್. ಕರುಣ್ ನಾಯರ್‌ಗೆ ಅದು ಮೂರನೇ ಟೆಸ್ಟ್. ಭಾರತದ ಪರ ಟೆಸ್ಟ್‌ನಲ್ಲಿ ತ್ರಿಶತಕ ಹೊಡೆದವರು ಸೆಹ್ವಾಗ್ ಬಿಟ್ಟರೆ ಇವರೇ. ಮುಂದಿನ ಟೆಸ್ಟ್ ಹೈದರಾಬಾದ್‌ನಲ್ಲಿ, ಬಾಂಗ್ಲಾದೇಶದ ಮೇಲೆ. ಗಾಯದಿಂದ ಚೇತರಿಸಿಕೊಂಡ ರಹಾನೆ ಒಳಗೆ ಬಂದರು, ಕರುಣ್ ಹೊರಗೆ ಹೋದರು.

ಇಷ್ಟು ಎಲ್ಲರಿಗೂ ಗೊತ್ತು. ಆಮೇಲಿನದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಆಸ್ಟ್ರೇಲಿಯಾ ಬಂದಾಗ ಬೆಂಗಳೂರು, ರಾಂಚಿ, ಧರ್ಮಶಾಲಾದಲ್ಲಿ ಆಡಿಸಿದರು. 26, 0, 23, 5. ಅಲ್ಲಿಗೆ ಮುಗೀತು. 2018ರಲ್ಲಿ ಇಂಗ್ಲೆಂಡ್‌ಗೆ ಕರೆದುಕೊಂಡು ಹೋದರು. ಮೊದಲ ಟೆಸ್ಟ್‌ನಿಂದಲೂ ಕರುಣ್ ತಂಡದ ಜೊತೆಗಿದ್ದರು. ಕೊನೆಯ ಎರಡು ಟೆಸ್ಟ್‌ಗೆ ಅಂತ ಸೇರಿಕೊಂಡ ಹನುಮ ವಿಹಾರಿ ಓವಲ್‌ನಲ್ಲಿ ಕ್ಯಾಪ್ ಪಡೆದರು, ಅಂದರೆ ಮೊದಲ ಟೆಸ್ಟ್ ಆಡಿದರು. ವಿಹಾರಿ ಮೇಲೆ ನನಗೇನೂ ಕೋಪವಿಲ್ಲ, ಅವರು ಅಲ್ಲಿ ಅರ್ಧಶತಕ ಹೊಡೆದರು. ಆದರೆ ತ್ರಿಶತಕ ಹೊಡೆದವನ ಸರದಿ ಯಾವಾಗ? 2022ರಲ್ಲಿ ಪಾಪ, ಇನ್ನೊಂದು ಅವಕಾಶ ಕೊಡು ಅಂತ ಕ್ರಿಕೆಟ್ಟನ್ನೇ ಕೇಳಿಕೊಂಡು ಟ್ವೀಟ್ ಮಾಡಿದರು. ಅವಕಾಶ ಬಂದಿದ್ದು 2025ರಲ್ಲಿ. ಅಷ್ಟೊತ್ತಿಗೆ ವಯಸ್ಸು 33.

ನಾನು ಕೇಳುತ್ತಿರುವುದು ಇಷ್ಟೇ. ಒಬ್ಬನಿಗೆ ಕ್ಯಾಪ್ ಕೊಟ್ಟಿರಾ? ಗಾಯ ಆಗದಿದ್ದರೆ ಐದು ಟೆಸ್ಟ್ ಆಡಿಸಿ, ಸತತವಾಗಿ. ಆಮೇಲೆ ತೆಗೆದರೆ ನನ್ನ ತಕರಾರಿಲ್ಲ.

ಮೊದಲ ಪಂದ್ಯದಲ್ಲಿ ಯಾರಿಗಾದರೂ ಕೈಕಾಲು ನಡುಗುತ್ತದೆ. ನಮ್ಮ ವಿಶಿ, ಅಂದರೆ ಜಿ.ಆರ್. ವಿಶ್ವನಾಥ್ ಅವರೇ 1969ರಲ್ಲಿ ಕಾನ್ಪುರದಲ್ಲಿ ಸೊನ್ನೆಗೆ ಔಟಾದರು. ಎರಡನೇ ಇನ್ನಿಂಗ್ಸ್‌ನಲ್ಲಿ 137. ಕೆ.ಎಲ್. ರಾಹುಲ್ 2014ರಲ್ಲಿ ಮೆಲ್ಬರ್ನ್‌ನಲ್ಲಿ 3 ಮತ್ತು 1. ಆ ಹೊಡೆತಗಳನ್ನು ನೋಡಿ ನಾನೇ ಟಿವಿ ಆಫ್ ಮಾಡಿದ್ದೆ. ಸಿಡ್ನಿಯಲ್ಲಿ ಮತ್ತೆ ಆಡಿಸಿದರು, 110 ಹೊಡೆದರು. ಧೋನಿ ಮೊದಲ ಏಕದಿನ ಪಂದ್ಯದಲ್ಲಿ ಸೊನ್ನೆಗೆ ರನೌಟ್, ವಿಶಾಖಪಟ್ಟಣದಲ್ಲಿ ಪಾಕಿಸ್ತಾನದ ಮೇಲೆ 148 ಹೊಡೆದದ್ದು ಐದನೇ ಪಂದ್ಯದಲ್ಲಿ. ಐದನೇದು! ಐದು ಅಂತ ನಾನು ಸುಮ್ನೆ ಹೇಳುತ್ತಿಲ್ಲ. ಸಚಿನ್ ಮೊದಲ ಏಕದಿನ ಶತಕಕ್ಕೆ 79 ಪಂದ್ಯ ತೆಗೆದುಕೊಂಡರು. ಎರಡು ಸೊನ್ನೆಯಿಂದ ಶುರು ಮಾಡಿದ ಹುಡುಗನಿಗೆ ಅಷ್ಟು ತಾಳ್ಮೆ ತೋರಿಸಿದ್ದು ತಪ್ಪಾಯ್ತಾ?

ಇದೆಲ್ಲ ನನಗೆ ಯಾಕೆ ಇಷ್ಟು ಚುಚ್ಚುತ್ತದೆ ಅಂದರೆ, ಮನೆಯಲ್ಲೇ ನೋಡಿದ್ದೇನೆ. ನಮ್ಮ ಚಿಕ್ಕಪ್ಪನ ಮಗ ಎಡಗೈ ಬ್ಯಾಟರ್. ಹುಡುಗನಾಗಿದ್ದಾಗ ಒಂದು ವಯೋಮಿತಿ ತಂಡಕ್ಕೆ ಆಯ್ಕೆಯಾದ. ಪೇಪರ್‌ನಲ್ಲಿ ಹೆಸರು ಬಂತು. ಚಿಕ್ಕಮ್ಮ ಅದನ್ನು ಕತ್ತರಿಸಿ ಬೀರುವಿನ ಬಾಗಿಲಿನ ಒಳಮೈಗೆ ಅಂಟಿಸಿದರು. ಅವನು ಸೀಸನ್ ಪೂರ್ತಿ ಮಾಡಿದ್ದೇನು ಗೊತ್ತಾ? ನೀರಿನ ಬಾಟಲಿ ಹೊತ್ತ. ನೆಟ್ಸ್‌ನಲ್ಲಿ ಆಡುವ ಹನ್ನೊಂದು ಜನರದ್ದು ಮುಗಿದ ಮೇಲೆ ಇವನ ಸರದಿ. ಅಷ್ಟರಲ್ಲಿ ವೇಗದ ಬೌಲರ್‌ಗಳು ಶೂ ಬಿಚ್ಚಿ ಕೂತಿರುತ್ತಿದ್ದರು. ಚೆಂಡು ಮೆತ್ತಗಾಗಿ, ಬೆಳಕು ಇಳಿದಿರುತ್ತಿತ್ತು. ಯಾರೋ ಒಬ್ಬ ಸಹಾಯಕ ಹತ್ತಿರ ನಿಂತು ಸುಮ್ನೆ ಚೆಂಡೆಸೆದು ಥ್ರೋಡೌನ್ ಕೊಡುತ್ತಿದ್ದ, ಆಗಾಗ ವಾಚ್ ನೋಡಿಕೊಳ್ಳುತ್ತಾ. ಹೀಗೆ ತಯಾರಾದವನಿಗೆ ಕೊನೆಯ ಪಂದ್ಯದಲ್ಲಿ, ಇನ್ನೊಬ್ಬನಿಗೆ ಜ್ವರ ಬಂದದ್ದಕ್ಕೆ ಜಾಗ ಸಿಕ್ಕಿತು. ಏಳನೇ ಕ್ರಮಾಂಕ, ಡಿಕ್ಲೇರ್ ಮಾಡುವ ಹೊತ್ತು. ಹೋಗಿ ಬೀಸು ಅಂದರು. ಬೀಸಿದ, ಲಾಂಗ್ ಆನ್‌ನಲ್ಲಿ ಕ್ಯಾಚ್. ಮುಂದಿನ ವರ್ಷದ ಪಟ್ಟಿಯಲ್ಲಿ ಹೆಸರಿರಲಿಲ್ಲ. ಚಿಕ್ಕಪ್ಪ ಹೋಗಿ ಕೇಳಿದ್ದಕ್ಕೆ, 'ಚಾನ್ಸ್ ಕೊಟ್ಟಿದ್ವಲ್ಲ' ಅಂದರು.

ಮೇಲಿನ ಮಟ್ಟದಲ್ಲೂ ಇದೇ ಕಥೆ, ಹೋಟೆಲ್ ಮಾತ್ರ ದೊಡ್ಡದು. ಅಭಿಮನ್ಯು ಈಶ್ವರನ್ 2024-25ರಲ್ಲಿ ಆಸ್ಟ್ರೇಲಿಯಾಕ್ಕೆ ಹೋದರು, 2025ರಲ್ಲಿ ಇಂಗ್ಲೆಂಡ್‌ಗೆ ಹೋದರು. ಎರಡೂ ಕಡೆ ಐದೈದು ಟೆಸ್ಟ್. ಒಂದರಲ್ಲೂ ಆಡಿಸಲಿಲ್ಲ. ನಮ್ಮ ದೇವದತ್ತ ಪಡಿಕ್ಕಲ್ 2024ರ ಮಾರ್ಚ್‌ನಲ್ಲಿ ಧರ್ಮಶಾಲಾದಲ್ಲಿ ಮೊದಲ ಇನ್ನಿಂಗ್ಸ್‌ನಲ್ಲೇ 65 ಹೊಡೆದರು. ಎರಡನೇ ಟೆಸ್ಟ್ ಸಿಕ್ಕಿದ್ದು ನವೆಂಬರ್‌ನಲ್ಲಿ, ಪರ್ತ್‌ನಲ್ಲಿ, ಗಿಲ್‌ಗೆ ಗಾಯ ಆದದ್ದರಿಂದ. 0 ಮತ್ತು 25, ಮುಂದಿನ ಟೆಸ್ಟ್‌ಗೆ ಮತ್ತೆ ಹೊರಗೆ. ಏಕದಿನದಲ್ಲಂತೂ ಫೈಜ್ ಫಜಲ್ ಇದ್ದಾರೆ. 2016ರಲ್ಲಿ ಹರಾರೆಯಲ್ಲಿ ಔಟಾಗದೆ 55. ಅದೇ ಅವರ ಮೊದಲ ಪಂದ್ಯ, ಕೊನೆಯದೂ ಅದೇ. ಔಟೇ ಆಗದವನನ್ನು ಯಾವ ತಪ್ಪಿಗೆ ತೆಗೆದಿರಿ ಸ್ವಾಮಿ?

ಹೊಸಬನಿಗೆ ಜಾಗ ಮಾಡೋಕೆ ಯಾರನ್ನು ತೆಗೀಬೇಕು ಅಂತ ಕೇಳುತ್ತಾರೆ. ಅದು ಆಯ್ಕೆಗಾರರ ತಲೆನೋವು. ಐದು ಜನ ಸಂಬಳ ತಗೊಂಡು ಕೂತಿರೋದು ಅದಕ್ಕೇ ಅಲ್ವಾ? ಇಷ್ಟಕ್ಕೂ ಕ್ರಿಕೆಟ್ ಮಂಡಳಿಯೇ ಒಂದು ಅಳತೆ ಇಟ್ಟುಕೊಂಡಿದೆ. 2023-24ರ ಒಪ್ಪಂದದಲ್ಲಿ, ಆ ಅವಧಿಯೊಳಗೆ 3 ಟೆಸ್ಟ್ ಅಥವಾ 8 ಏಕದಿನ ಅಥವಾ 10 ಟಿ20 ಆಡಿದವನಿಗೆ ಸಿ ದರ್ಜೆ ಅಂತ ಹೇಳಿತ್ತು. ವರ್ಷಕ್ಕೆ 1 ಕೋಟಿ ರೂಪಾಯಿಯ ದರ್ಜೆ ಅದು. ದುಡ್ಡು ಕೊಡೋಕೆ ಇಷ್ಟು ಪಂದ್ಯ ಅಂತ ಬರೆದಿಡೋಕೆ ಬರುತ್ತದೆ. ಆಡಿಸೋಕೆ ಇಷ್ಟು ಅಂತ ಬರೆಯೋಕೆ ಏನು ಕಷ್ಟ?

ವಿರೋಧ: ಆರನೇ ಗ್ಯಾರಂಟಿ ಬೇಡ

ಈ ಕಡೆ ಬರೆಯೋಕೆ ಯಾರೂ ಒಪ್ಪಲಿಲ್ಲವಂತೆ, ನನಗೆ ಹೇಳಿದರು. ಸರಿ, ಬರೆಯುತ್ತೇನೆ. ಅರ್ಧಕ್ಕರ್ಧ ನಂಬಿಕೆಯಂತೂ ಇದೆ.

ನಮ್ಮ ರಾಜ್ಯದಲ್ಲಿ ಈಗಾಗಲೇ ಐದು ಗ್ಯಾರಂಟಿ ಇವೆ. ನನ್ನ ಗೆಳೆಯರು ಆರನೆಯದು ಕೇಳುತ್ತಿದ್ದಾರೆ. ನಾಳೆ ಕನಿಷ್ಠ ಐವತ್ತು ರನ್ ಕೂಡ ಗ್ಯಾರಂಟಿ ಕೊಡಿ, ಎಲ್‌ಬಿ ಅಪೀಲು ಮಾಡಬೇಡಿ ಅಂದರೂ ಆಶ್ಚರ್ಯವಿಲ್ಲ. ಬೀರುವಿನ ಬಾಗಿಲಿನ ವಿಷಯ ಓದಿ ನನಗೂ ಬೇಜಾರಾಯ್ತು. ಆದರೆ ವಯೋಮಿತಿ ತಂಡ ಬೇರೆ, ದೇಶದ ತಂಡ ಬೇರೆ.

ಲೆಕ್ಕಕ್ಕೆ ಬರೋಣ. 2020-21ರ ಆಸ್ಟ್ರೇಲಿಯಾ ಪ್ರವಾಸ ನೆನಪಿದೆಯಲ್ಲ. ಒಬ್ಬೊಬ್ಬರಾಗಿ ಗಾಯಗೊಂಡು ಕೂತಾಗ ಗಿಲ್, ಸಿರಾಜ್, ಸೈನಿ, ನಟರಾಜನ್, ವಾಷಿಂಗ್ಟನ್ ಸುಂದರ್ ಐವರೂ ಅದೇ ಸರಣಿಯಲ್ಲಿ ಟೆಸ್ಟ್‌ಗೆ ಕಾಲಿಟ್ಟರು. ಬ್ರಿಸ್ಬೇನ್ ಗೆದ್ದರು. ತಿಂಗಳೊಳಗೆ ಚೆನ್ನೈನಲ್ಲಿ ಇಂಗ್ಲೆಂಡ್ ಮೇಲೆ ಟೆಸ್ಟ್. ಐವರಲ್ಲಿ ಯಾರದ್ದೂ ಐದು ಟೆಸ್ಟ್ ಆಗಿರಲಿಲ್ಲ. ಗ್ಯಾರಂಟಿ ಇದ್ದಿದ್ದರೆ ಐವರನ್ನೂ ಆಡಿಸಲೇಬೇಕಿತ್ತು. ಐವರಲ್ಲಿ ಮೂವರು ವೇಗಿಗಳು. ಸ್ಪಿನ್ನರ್‌ಗಳಿಗೆ ನೆರವಾಗುವ ಚೆನ್ನೈ ಪಿಚ್‌ನಲ್ಲಿ! ಹಾಗಾದರೆ ಬುಮ್ರಾ ಎಲ್ಲಿಗೆ ಹೋಗಬೇಕಿತ್ತು? ಅದೇ ಟೆಸ್ಟ್‌ನಲ್ಲಿ 300ನೇ ವಿಕೆಟ್ ಪಡೆದ ಇಶಾಂತ್ ಶರ್ಮಾ ಬಾಟಲಿ ಹೊರಬೇಕಿತ್ತಾ? ಅದು ಆಯ್ಕೆಗಾರರ ತಲೆನೋವು ಅಂದುಬಿಟ್ಟರೆ ಆಯ್ತಾ? ನಟರಾಜನ್‌ಗೆ ಆಮೇಲೆ ಎರಡನೇ ಟೆಸ್ಟ್ ಸಿಗಲಿಲ್ಲ, ಅದು ನನಗೂ ಬೇಸರದ ವಿಷಯವೇ. ಆದರೆ ಅದರಲ್ಲಿ ಅವರ ಮೊಣಕಾಲಿನ ಪಾಲೂ ಇತ್ತು.

ತೆಗೆದರೆ ಬದುಕು ಮುಗೀತು ಅನ್ನೋದೂ ಪೂರ್ತಿ ನಿಜವಲ್ಲ. ನಾನು ಕ್ಲಬ್ ಮಟ್ಟದಲ್ಲಿ ಲೆಗ್ ಸ್ಪಿನ್ ಹಾಕುತ್ತಿದ್ದವನು, ಹಾಗಾಗಿ ಕುಂಬ್ಳೆ ಉದಾಹರಣೆಯೇ ಬಾಯಿಗೆ ಬರುತ್ತದೆ. 1990ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಮೊದಲ ಟೆಸ್ಟ್. ಆಮೇಲೆ ಎರಡು ವರ್ಷಕ್ಕೂ ಜಾಸ್ತಿ ಹೊರಗೆ. ಮನೆಯಲ್ಲಿ ಕೂತು ಗ್ಯಾರಂಟಿ ಕೇಳಲಿಲ್ಲ. ದೇಶೀ ಕ್ರಿಕೆಟ್‌ನಲ್ಲಿ ಹಾಕುತ್ತಲೇ ಹೋದರು. 1992ರ ಇರಾನಿ ಟ್ರೋಫಿಯಲ್ಲಿ 13 ವಿಕೆಟ್ ತೆಗೆದು ದಕ್ಷಿಣ ಆಫ್ರಿಕಾದ ವಿಮಾನ ಹತ್ತಿದರು. ಮುಂದಿನ ವರ್ಷ ತವರಿನಲ್ಲಿ ಇಂಗ್ಲೆಂಡ್ ಮೇಲೆ ಮೂರು ಟೆಸ್ಟ್‌ಗೆ 21 ವಿಕೆಟ್. ಕೊನೆಗೆ ಒಟ್ಟು 619. ಗಂಗೂಲಿಯೂ 1992ರಲ್ಲಿ ಬ್ರಿಸ್ಬೇನ್‌ನಲ್ಲಿ ಒಂದು ಏಕದಿನ ಆಡಿ 3 ರನ್ ಮಾಡಿ ಹೋದವರು, ನಾಲ್ಕು ವರ್ಷ ಬಿಟ್ಟು ಲಾರ್ಡ್ಸ್‌ನಲ್ಲಿ ಶತಕ ಹೊಡೆದರು. ರಣಜಿ ಇರೋದು ಮತ್ತೆ ಯಾಕೆ?

ಕರುಣ್ ವಿಷಯಕ್ಕೆ ಜಾಸ್ತಿ ಹೋಗಲ್ಲ. ಹೋದರೆ ಬೆಂಗಳೂರಿನಲ್ಲಿ ನನಗೆ ಯಾರೂ ಕಾಫಿ ಕೊಡಲ್ಲ. ಆದರೂ 2025ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರಿಗೆ ನಾಲ್ಕು ಟೆಸ್ಟ್, ಎಂಟು ಇನ್ನಿಂಗ್ಸ್ ಸಿಕ್ಕವು. ಐವತ್ತು ದಾಟಿದ್ದು ಓವಲ್‌ನ ಒಂದು 57 ಮಾತ್ರ. ಗೆಳೆಯರು ಇದನ್ನು ಯಾಕೋ ಬರೆಯಲಿಲ್ಲ.

ಹಾಗಂತ ಆಯ್ಕೆಗಾರರು ಮಾಡಿದ್ದೆಲ್ಲ ಸರಿ ಅನ್ನೋಕೆ ನನ್ನಿಂದ ಆಗಲ್ಲ. ಸರ್ಫರಾಜ್ ಖಾನ್ ರಾಜ್‌ಕೋಟ್‌ನಲ್ಲಿ ಮೊದಲ ಟೆಸ್ಟ್‌ನಲ್ಲೇ ಎರಡು ಅರ್ಧಶತಕ ಹೊಡೆದರು. 2024ರ ಅಕ್ಟೋಬರ್‌ನಲ್ಲಿ ಚಿನ್ನಸ್ವಾಮಿಯಲ್ಲಿ ನ್ಯೂಜಿಲೆಂಡ್ ಮೇಲೆ 150. ಮುಂದಿನ ನಾಲ್ಕು ಇನ್ನಿಂಗ್ಸ್ ಕೈಕೊಟ್ಟವು, ಆಸ್ಟ್ರೇಲಿಯಾದಲ್ಲಿ ಒಂದೂ ಟೆಸ್ಟ್ ಆಡಿಸಲಿಲ್ಲ. ನನಗೂ ಸಿಟ್ಟು ಬಂತು. ಆದರೆ ಅಷ್ಟೊತ್ತಿಗೆ ಅವರು ಆಡಿದ್ದ ಟೆಸ್ಟ್ ಎಷ್ಟು? ಆರು. 2017ರಲ್ಲಿ ತೆಗೆಯುವ ಹೊತ್ತಿಗೆ ಕರುಣ್ ಆಡಿದ್ದು? ಅದೂ ಆರು. ಐದರ ಗ್ಯಾರಂಟಿ ಇಬ್ಬರಿಗೂ ಯಾವತ್ತೋ ಮುಗಿದಿರುತ್ತಿತ್ತು.