ಆಲ್ಬನಿಯ ಕೀಲಿಕೈ

ಅಮೆರಿಕದ ಎಲೆಕ್ಷನ್ ಅಂದರೆ ನಮ್ಮವರಿಗೆ ಅಧ್ಯಕ್ಷರದ್ದು ಮಾತ್ರ. ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿರುವ ನಾನೂ ಮೊದಲು ಹಾಗೇ ಇದ್ದೆ. ನಮ್ಮ ರಾಜ್ಯ ಸೆನೆಟರ್ ಹೆಸರು ಕೇಳಿದ್ದರೆ ತಲೆ ಕೆರೆದುಕೊಳ್ಳುತ್ತಿದ್ದೆ. ಆದರೆ ನ್ಯೂಯಾರ್ಕ್‌ನ ಬಾಡಿಗೆ ಕಾನೂನು ತೀರ್ಮಾನವಾಗುವುದು ವಾಷಿಂಗ್ಟನ್‌ನಲ್ಲಲ್ಲ, ರಾಜ್ಯದ ರಾಜಧಾನಿ ಆಲ್ಬನಿಯಲ್ಲಿ. ಅಲ್ಲಿ ಕೀಲಿಕೈ ಇರುವುದು ಸೆನೆಟ್ ಮೆಜಾರಿಟಿ ಲೀಡರ್, ಅಂದರೆ ರಾಜ್ಯದ ಮೇಲ್ಮನೆಯ ಬಹುಮತದ ನಾಯಕರ ಹತ್ತಿರ.

ನಮ್ಮ ವಿಧಾನ ಪರಿಷತ್ತಿನ ಸಭಾನಾಯಕರ ಥರ ಅಂದುಕೊಳ್ಳಬೇಡಿ. ಅವರು ಸರ್ಕಾರದ ಪರ ನಿಲ್ಲುವ ಮಂತ್ರಿ. ಇಲ್ಲಿಯ ಲೀಡರ್ ಗವರ್ನರ್‌ಗೇ (ನಮ್ಮ ಮುಖ್ಯಮಂತ್ರಿ ಥರ ಆಳುವವರು) 'ಆಗಲ್ಲ' ಅನ್ನಬಹುದು. ಯಾವ ಮಸೂದೆ ಮತಕ್ಕೆ ಬರಬೇಕು, ಯಾವುದು ಕಪಾಟಿನಲ್ಲೇ ಧೂಳು ತಿನ್ನಬೇಕು ಅನ್ನುವುದು ಅವರ ಕೈಯಲ್ಲಿ. ಬಜೆಟ್ ಕೂಡ ಗವರ್ನರ್, ಅಸೆಂಬ್ಲಿಯ (ಕೆಳಮನೆ) ಸ್ಪೀಕರ್, ಸೆನೆಟ್ ಲೀಡರ್ ಬಾಗಿಲು ಹಾಕಿಕೊಂಡು ಕೂತು ಕುದುರಿಸುವ ವ್ಯವಹಾರ. 'ಕೋಣೆಯಲ್ಲಿ ಮೂವರು ಗಂಡಸರು' ಅಂತಲೇ ಇದಕ್ಕೆ ಹೆಸರು ಬಿದ್ದಿತ್ತು. 2019ರಲ್ಲಿ ಆಂಡ್ರಿಯಾ ಸ್ಟೀವರ್ಟ್-ಕಸಿನ್ಸ್ ಅನ್ನುವ ಮಹಿಳೆ ಲೀಡರ್ ಆದಮೇಲೆ ಆ ಹೆಸರು ಸುಳ್ಳಾಯಿತು. ಬಾಗಿಲು ಮಾತ್ರ ಹಾಕಿಯೇ ಇದೆ.

ಅದೇ ವರ್ಷ ಬಾಡಿಗೆದಾರರ ರಕ್ಷಣೆ, ಗರ್ಭಪಾತದ ಹಕ್ಕು, ಚುನಾವಣೆಗೆ ಮುಂಚೆಯೇ ಮತ ಹಾಕುವ ಅವಕಾಶ ಎಲ್ಲ ಕಾನೂನಾದವು. ಗವರ್ನರ್ ಹಳಬರೇ. ಬದಲಾಗಿದ್ದು ಸೆನೆಟ್‌ನ ಬಹುಮತ.

ಇಷ್ಟು ದೊಡ್ಡ ಅಧಿಕಾರ ಒಮ್ಮೊಮ್ಮೆ ಒಂದೆರಡು ತಲೆಗಳ ಮೇಲೆ ಮಾತ್ರ ನಿಂತಿರುತ್ತದೆ. 2009ರ ಜೂನ್ 8ರಂದು ಪೆಡ್ರೊ ಎಸ್ಪಾಡ, ಹೈರಮ್ ಮಾನ್ಸರಾಟೆ ಅನ್ನುವ ಇಬ್ಬರು ಡೆಮಾಕ್ರಾಟರು ರಿಪಬ್ಲಿಕನ್ನರ ಜೊತೆ ಸೇರಿ ಲೀಡರ್ ಮಾಲ್ಕಮ್ ಸ್ಮಿತ್‌ರನ್ನೇ ಇಳಿಸಿದರು. ಡೆಮಾಕ್ರಾಟರು ಸಭಾಂಗಣದ ದೀಪ ಆರಿಸಿದರು! ಆಮೇಲೆ ಮಾನ್ಸರಾಟೆ ವಾಪಸ್ ಬಂದರು, ಲೆಕ್ಕ 31-31. ಒಂದು ದಿನ ಒಂದೇ ಸಭಾಂಗಣದಲ್ಲಿ ಎರಡೂ ಕಡೆಯವರು ಬೇರೆಬೇರೆ ಅಧಿವೇಶನ ನಡೆಸಿದರು. ಇನ್ನೊಂದು ದಿನ ನಮ್ಮ ಕ್ವೀನ್ಸ್‌ನ ಫ್ರಾಂಕ್ ಪಡವನ್ ಅನ್ನುವ ರಿಪಬ್ಲಿಕನ್ ಸೆನೆಟರ್ ಸಭಾಂಗಣ ಹಾದು ಹೋಗುತ್ತಿದ್ದರು, ಅಷ್ಟೆ. ಅವರನ್ನೂ ಎಣಿಸಿಕೊಂಡು 'ಕೋರಂ ಆಯ್ತು' ಅಂತ ಡೆಮಾಕ್ರಾಟರು ಪಟಪಟ ಮಸೂದೆ ಪಾಸು ಮಾಡಿದರು. ಸಹಿ ಹಾಕಲ್ಲ ಅಂದವರು ಅವರದ್ದೇ ಪಕ್ಷದ ಗವರ್ನರ್ ಪ್ಯಾಟರ್ಸನ್.

ರೆಸಾರ್ಟ್ ಒಂದು ಕಮ್ಮಿ, ಅಲ್ವಾ?

ನನಗೆ ಸಿಟ್ಟು ಬರುವುದು ಕೊನೆಯ ಅಂಕಕ್ಕೆ. ಒಂದು ತಿಂಗಳು ರಾಜ್ಯವನ್ನೇ ನಿಲ್ಲಿಸಿದ ಎಸ್ಪಾಡ ಜುಲೈ 9ಕ್ಕೆ ತಿರುಗಿ ಡೆಮಾಕ್ರಾಟರ ಜೊತೆ ಬಂದರು. ಸಿಕ್ಕಿದ ಪಟ್ಟ ಯಾವುದು ಗೊತ್ತಾ? ಮೆಜಾರಿಟಿ ಲೀಡರ್.